ಕೆನೆ ಕಟ್ಟದಿದ್ದರೆ ಹಾಲು ಕಲಬೆರಕೆಯೇ?

ಡೈರಿಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಎಲ್ಲಿ ಹೋದರೂ ಎರಡು ಪ್ರಶ್ನೆ ತಪ್ಪಿದ್ದಲ್ಲ. "ಪ್ಯಾಕೆಟ್ ಹಾಲಿಗೆ ಕೆನೆಯೇ ಬರಲ್ಲ, ಏನು ಬೆರೆಸ್ತೀರಿ?" "ಡಬ್ಬದ ಹಾಲು ತಿಂಗಳುಗಟ್ಟಲೆ ಕೆಡಲ್ಲ, ಅದಕ್ಕೆ ಯಾವ ಕೆಮಿಕಲ್ ಹಾಕ್ತೀರಿ?" ಮೊದಲನೆಯದಕ್ಕೆ ಉತ್ತರ ಒತ್ತಡ. ಎರಡನೆಯದಕ್ಕೆ ಉತ್ತರ ಬಿಸಿ. ಹಾಲಿನ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ, ಮಕ್ಕಳು ಕುಡಿಯುವ ಪದಾರ್ಥ ಅದು. ಆದರೆ ನಿಜವಾದ ಮೋಸ ಕೆನೆಯಲ್ಲೂ ಇಲ್ಲ, ಡಬ್ಬದಲ್ಲೂ ಇಲ್ಲ.

ಕೆನೆಯಿಂದಲೇ ಶುರು ಮಾಡೋಣ. ಹಸುವಿನ ಹಾಲಿನಲ್ಲಿ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ. ಒಂದು ಹನಿಯ ಗಾತ್ರ ಸರಾಸರಿ 3ರಿಂದ 4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ಹನಿಗಳು ಮೇಲೆ ಬಂದು ಗುಂಪುಗೂಡುತ್ತವೆ. ಅದೇ ಕೆನೆ. ಹೋಮೋಜನೈಸರ್ ಎಂಬ ಯಂತ್ರ ಹಾಲನ್ನು ವಾತಾವರಣದ 150ರಿಂದ 200 ಪಟ್ಟು ಒತ್ತಡದಲ್ಲಿ ಒಂದು ಕಿರಿದಾದ ಸಂದಿಯ ಮೂಲಕ ನುಗ್ಗಿಸುತ್ತದೆ. ಹನಿಗಳು ಒಡೆದು ಒಂದು ಮೈಕ್ರಾನ್‌ಗಿಂತ ಚಿಕ್ಕದಾಗುತ್ತವೆ. ಅಷ್ಟು ಚಿಕ್ಕ ಹನಿಗೆ ಮೇಲೇರುವ ಶಕ್ತಿಯೇ ಇರುವುದಿಲ್ಲ. ಕೊಬ್ಬು ಎಲ್ಲೂ ಹೋಗಿಲ್ಲ, ಹಾಲಿನ ತುಂಬ ಹರಡಿಕೊಂಡಿದೆ ಅಷ್ಟೆ. ಇದು ಹೊಸ ತಂತ್ರವೂ ಅಲ್ಲ. ಫ್ರಾನ್ಸಿನ ಆಗಸ್ಟ್ ಗೊಲಾಂ ಇದಕ್ಕೆ ಪೇಟೆಂಟ್ ಪಡೆದದ್ದು 1899ರಲ್ಲಿ.

ಹನಿಗಳು ಚಿಕ್ಕದಾದಷ್ಟೂ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಅದಕ್ಕೇ ಇಂಥ ಹಾಲು ಹೆಚ್ಚು ಬೆಳ್ಳಗೆ ಕಾಣುತ್ತದೆ, ಸ್ವಲ್ಪ ಹಾಕಿದರೂ ಟೀ ಬಣ್ಣ ಬೇಗ ತಿರುಗುತ್ತದೆ. ಬೆಣ್ಣೆ ತೆಗೆಯಬೇಕು, ತುಪ್ಪ ಕಾಯಿಸಬೇಕು ಅನ್ನುವವರು ಪ್ಯಾಕೆಟ್ ಮೇಲೆ 'ಹೋಮೋಜನೈಸ್ಡ್' ಎಂದು ಇಲ್ಲದ್ದನ್ನು ಕೊಳ್ಳಿ. ಜೊತೆಗೆ ಕೊಬ್ಬಿನ ಅಂಕಿಯನ್ನೂ ನೋಡಿ. ಟೋನ್ಡ್ ಹಾಲಿನಲ್ಲಿ ಶೇ 3, ಫುಲ್ ಕ್ರೀಮ್‌ನಲ್ಲಿ ಶೇ 6 ಇರಲೇಬೇಕು. ಒಂದೇ ಲೀಟರಿನಲ್ಲಿ ದುಪ್ಪಟ್ಟು ವ್ಯತ್ಯಾಸ ಅಲ್ವಾ?

ಈಗ ಮೋಸದ ವಿಷಯ. ಹಾಲಿಗೆ ನೀರು ಹಾಕಿದರೆ ಲ್ಯಾಕ್ಟೋಮೀಟರ್ ಹಿಡಿದುಬಿಡುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಅದು ಅಳೆಯುವುದು ಸಾಂದ್ರತೆಯನ್ನು ಮಾತ್ರ. ನೀರಿನದು 1 ಆದರೆ ಹಾಲಿನದು ಸುಮಾರು 1.030. ನೀರು ಸೇರಿದರೆ ಇದು ಇಳಿಯುತ್ತದೆ, ಸರಿ. ಆದರೆ ಕೆನೆ ತೆಗೆದರೆ ಏರುತ್ತದೆ! ಹಗುರವಾದ ಕೊಬ್ಬು ಹೋದ ಮೇಲೆ ಉಳಿದ ಹಾಲು ಇನ್ನೂ ಭಾರ, ಸುಮಾರು 1.035. ಅಂದರೆ ಮೊದಲು ಕೆನೆ ತೆಗೆದು, ಆಮೇಲೆ ಅಳತೆ ನೋಡಿ ನೀರು ಹಾಕಿದರೆ ಲ್ಯಾಕ್ಟೋಮೀಟರ್ 'ಒಳ್ಳೆಯ ಹಾಲು' ಅನ್ನುತ್ತದೆ. ಎರಡು ಸಲ ಮೋಸವಾದ ಹಾಲು ಪಾಸಾಗುತ್ತದೆ.

ಅದಕ್ಕೇ ಕೊಬ್ಬನ್ನು ಬೇರೆಯಾಗಿಯೇ ಅಳೆಯಬೇಕು. ಈಗ ಹಳ್ಳಿಯ ಸಂಘಗಳಲ್ಲೂ ಯಂತ್ರಗಳು ಬಂದಿವೆ. ಆದರೂ ಯಂತ್ರದ ಮೇಲೆ ಅನುಮಾನ ಬಂದರೆ ನಾವು ನೆಚ್ಚಿಕೊಳ್ಳುವುದು ನೂರು ವರ್ಷಕ್ಕೂ ಹಳೆಯ ಗರ್ಬರ್ ವಿಧಾನವನ್ನೇ. ಗಾಜಿನ ಕೊಳವೆಗೆ 10 ಮಿಲಿ ಗಂಧಕಾಮ್ಲ, ಮೇಲೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಕುಲುಕಿದರೆ ಕೊಳವೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಬಟ್ಟೆ ಸುತ್ತದೆ ಹಿಡಿಯುವಂತಿಲ್ಲ. ಬಿಳಿ ಹಾಲು ಕಣ್ಣೆದುರೇ ಕಂದು ಕಪ್ಪಾಗುತ್ತದೆ, ಆಮ್ಲ ಪ್ರೋಟೀನನ್ನೆಲ್ಲ ಕರಗಿಸಿಬಿಡುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ 65 ಡಿಗ್ರಿ ನೀರಿನಲ್ಲಿಟ್ಟರೆ, ಕೊಳವೆಯ ಕತ್ತಿನಲ್ಲಿ ಶುದ್ಧ ಹಳದಿ ಕೊಬ್ಬು ನಿಂತಿರುತ್ತದೆ. ಅಂಕಿ ಓದಿಕೊಂಡರೆ ಆಯಿತು.

ನೀರನ್ನು ಹಿಡಿಯುವುದು ಚಳಿ. ಹಾಲು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಅದಕ್ಕೆ ಮೈನಸ್ 0.5 ಡಿಗ್ರಿಗಿಂತ ತುಸು ಕೆಳಗೆ ಹೋಗಬೇಕು. ಅದರಲ್ಲಿ ಕರಗಿರುವ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಮತ್ತು ಲವಣಗಳು ಇದಕ್ಕೆ ಕಾರಣ. ಹಸುವಿನ ದೇಹ ಇವನ್ನು ರಕ್ತದ ಜೊತೆ ಸಮತೋಲದಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಮೇವು ಬದಲಾದರೂ ಈ ಅಂಕಿ ಹೆಚ್ಚು ಅಲುಗುವುದಿಲ್ಲ. ನೀರು ಬೆರೆತ ಕೂಡಲೇ ಅದು ಸೊನ್ನೆಯ ಕಡೆ ಜಾರುತ್ತದೆ. ನನ್ನ ಮಟ್ಟಿಗೆ ಡೈರಿಯ ಪರೀಕ್ಷೆಗಳಲ್ಲೇ ಇದು ಅತ್ಯಂತ ಚೆಂದದ್ದು. ಇದನ್ನು ತಪ್ಪಿಸಲು ಉಪ್ಪು, ಸಕ್ಕರೆ ಹಾಕುವವರಿದ್ದಾರೆ, ಅವಕ್ಕೂ ಬೇರೆ ಪರೀಕ್ಷೆಗಳಿವೆ.

ಇನ್ನು ಡಬ್ಬದ ಹಾಲು. ಸಾಮಾನ್ಯ ಪ್ಯಾಕೆಟ್ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸುತ್ತಾರೆ. ರೋಗ ತರುವ ಬ್ಯಾಕ್ಟೀರಿಯಾ ಸಾಯಲು ಅಷ್ಟು ಸಾಕು. ಆದರೆ ಕೆಲವು ಬ್ಯಾಕ್ಟೀರಿಯಾ ಬೀಜಾಣುಗಳ ರೂಪದಲ್ಲಿ ಅಡಗಿರುತ್ತವೆ. ಅವು ಒಲೆಯ ಮೇಲೆ ಉಕ್ಕಿ ಬಂದ ಹಾಲಿನಲ್ಲೂ ಬದುಕುತ್ತವೆ. ಕಾಗದದ ಡಬ್ಬದಲ್ಲಿ ಬರುವ ಯುಎಚ್‌ಟಿ (ಅತಿ ಹೆಚ್ಚು ಬಿಸಿಯಲ್ಲಿ ಕಾಯಿಸಿದ) ಹಾಲನ್ನು 135 ಡಿಗ್ರಿಗೂ ಮೇಲೆ ಒಯ್ಯುತ್ತಾರೆ, ಕೆಲವೇ ಸೆಕೆಂಡು. ಒತ್ತಡದಲ್ಲಿ ಇರುವುದರಿಂದ ಅಷ್ಟು ಬಿಸಿಯಲ್ಲೂ ಅದು ಕುದಿಯುವುದಿಲ್ಲ, ಪೈಪಿನಲ್ಲಿ ಸುಮ್ನೆ ಹರಿಯುತ್ತಿರುತ್ತದೆ. ಬೀಜಾಣುಗಳು ಅಲ್ಲಿ ಉಳಿಯವು. ಡಬ್ಬದ ಕಾಗದವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಶುದ್ಧ ಮಾಡಿ, ಬಿಸಿ ಗಾಳಿಯಲ್ಲಿ ಒಣಗಿಸಿ, ಹೊರಗಿನ ಗಾಳಿ ತಾಗದಂತೆ ತುಂಬುತ್ತಾರೆ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳು ಬೆಳಕನ್ನೂ ಆಮ್ಲಜನಕವನ್ನೂ ತಡೆಯುತ್ತವೆ. ಕೆಡಿಸುವ ಜೀವಿಯೇ ಒಳಗಿಲ್ಲದ ಮೇಲೆ ಪ್ರಿಸರ್ವೇಟಿವ್ ಯಾಕೆ ಬೇಕು?

ಇದೆಲ್ಲ ಕತ್ತರಿ ಹಾಕುವವರೆಗೆ ಮಾತ್ರ. ತೆರೆದ ಡಬ್ಬ ಸಾಮಾನ್ಯ ಹಾಲಿನ ಹಾಗೇ ಕೆಡುತ್ತದೆ, ಕೆಲವೊಮ್ಮೆ ನಮಗೆ ಗೊತ್ತಾಗದ ಹಾಗೆ. ಹಸಿ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಇದರಲ್ಲಿ ಸತ್ತಿರುತ್ತವೆ. ಹಾಗಾಗಿ ಒಡೆಯದೆ, ಹುಳಿ ವಾಸನೆ ಬಾರದೆ, ಕಹಿಯಾಗಿ ಕೆಡುವುದೂ ಉಂಟು. ಮೂಗನ್ನು ನಂಬಬೇಡಿ. ತೆರೆದ ದಿನಾಂಕವನ್ನು ಡಬ್ಬದ ಮೇಲೇ ಬರೆದು ಫ್ರಿಜ್‌ನಲ್ಲಿಡಿ, ಎರಡು ದಿನದೊಳಗೆ ಮುಗಿಸಿ.