ರೂಮು, ಊಟ, ಜಾತಿ

ಅಮೆರಿಕದ ವಿಶ್ವವಿದ್ಯಾಲಯಗಳ ತಾರತಮ್ಯ ತಡೆಯುವ ನಿಯಮದಲ್ಲಿ 'ಜಾತಿ' ಎಂಬ ಪದ ಇರಬೇಕೇ, ಬೇಡವೇ? ಈ ಜಗಳವನ್ನು ನಡುವೆ ಎಲ್ಲೋ ಕೇಳಿದವರಿಗೆ ತಲೆಬುಡ ಸಿಗುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

1888ರಲ್ಲಿ ಗಾಂಧಿ ಓದಲು ಲಂಡನ್ನಿಗೆ ಹೊರಟಾಗ ಅವರ ಜಾತಿಯವರು ಮುಂಬೈಯಲ್ಲಿ ಸಭೆ ಸೇರಿ ಬಹಿಷ್ಕಾರ ಹಾಕಿದರು. ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ! ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಭಯದ ಕಾಲ ಅದು.

ದಾಟಿದ ಮೇಲೆ ಕಾಡುತ್ತಿದ್ದುದು ಒಂಟಿತನ. 1909ರಲ್ಲಿ ಹ್ಯಾರಿ ಎಡ್ಮಂಡ್ಸ್ ಎಂಬ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಕಾರ್ಯಕರ್ತ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಚೀನಾದ ಹುಡುಗನೊಬ್ಬನಿಗೆ ನಮಸ್ಕಾರ ಹೇಳಿದ. ಬಂದು ಮೂರು ವಾರವಾಯಿತು, ಮಾತಾಡಿಸಿದವರಲ್ಲಿ ನೀವೇ ಮೊದಲು ಅಂದನಂತೆ ಆ ಹುಡುಗ. ಎಡ್ಮಂಡ್ಸ್ ಮನೆಯಲ್ಲಿ ಪರದೇಶದ ವಿದ್ಯಾರ್ಥಿಗಳಿಗೆ ಭಾನುವಾರದ ಊಟ ಶುರುವಾಯಿತು. ಅದೇ ಬೆಳೆದು, ದೊಡ್ಡ ಶ್ರೀಮಂತ ರಾಕ್‌ಫೆಲರ್ ದುಡ್ಡಿನಲ್ಲಿ 1924ಕ್ಕೆ ಇಂಟರ್‌ನ್ಯಾಷನಲ್ ಹೌಸ್ ಎಂಬ ದೊಡ್ಡ ಹಾಸ್ಟೆಲ್ ಆಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಂಥದ್ದೇ ಇನ್ನೊಂದು ಕಟ್ಟಲು ಹೋದಾಗ, ಬೇರೆ ಬೇರೆ ಬಣ್ಣದವರು ಒಂದೇ ಸೂರಿನಡಿ ಇರುವುದೇ ಎಂದು ಊರಿನವರು ತಕರಾರು ತೆಗೆದರು. ಆದರೂ 1930ರಲ್ಲಿ ಅದು ತೆರೆಯಿತು.

ಊಟ ಹಾಕಿದವರ ಪ್ರೀತಿ ಸುಳ್ಳಲ್ಲ. ಆದರೆ ಈ ಹುಡುಗರೇ ನಾಳೆ ತಮ್ಮ ದೇಶ ಆಳುವವರು, ಕ್ರೈಸ್ತ ಧರ್ಮದ ಒಳ್ಳೆಯ ಮುಖವನ್ನು ನೋಡಿ ಹೋಗಲಿ ಎಂಬ ಲೆಕ್ಕವೂ ವೈಎಂಸಿಎ ವಲಯದಲ್ಲಿ ಇತ್ತು. ಮುಂದೆ ಬೇರೆಯವರೂ ತಮ್ಮದೇ ಆಸರೆ ಕಟ್ಟಿಕೊಂಡರು. 1963ರಲ್ಲಿ ಇಲಿನಾಯ್‌ನಲ್ಲಿ ಮುಸ್ಲಿಂ ವಿದ್ಯಾರ್ಥಿಗಳ ಸಂಘ, 1990ರಲ್ಲಿ ಹಿಂದೂ ವಿದ್ಯಾರ್ಥಿಗಳದು. ಹಬ್ಬ, ಊಟ, ಪ್ರಾರ್ಥನೆ. ಮನೆ ಬಿಟ್ಟು ಬಂದವರಿಗೆ ಅದು ಬೇಕೇ ಬೇಕು, ಅಲ್ವಾ?

ಈ ಕಥೆಯಲ್ಲಿ ಜಾತಿ ಎಲ್ಲಿ ಬಂತು? ಮತ್ತೆ ಕೊಲಂಬಿಯಾಕ್ಕೇ ಹೋಗಬೇಕು. 1913ರಲ್ಲಿ ಬರೋಡದ ವಿದ್ಯಾರ್ಥಿವೇತನದ ಮೇಲೆ ಅಂಬೇಡ್ಕರ್ ಅಲ್ಲಿಗೆ ಹೋದರು. ಅಲ್ಲಿ ಪಾರ್ಸಿ ಗೆಳೆಯನೊಬ್ಬನ ಜೊತೆ ಹಾಸ್ಟೆಲ್ ರೂಮು ಹಂಚಿಕೊಂಡರು. 1917ರಲ್ಲಿ ನೌಕರಿಗೆಂದು ಬರೋಡಕ್ಕೆ ಬಂದಾಗ ಇರಲು ರೂಮು ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಹೆಸರು ಮುಚ್ಚಿಟ್ಟು ಉಳಿದರೂ ಅಲ್ಲಿಂದ ಎಬ್ಬಿಸಿ ಕಳಿಸಿದರು. ಅದಕ್ಕೆ ಒಂದು ವರ್ಷ ಮೊದಲು ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ಅವರು, ಜಾತಿಯ ಇತಿಹಾಸ ಬರೆದ ಕೇತ್ಕರ್ ಅವರ ಮಾತೊಂದನ್ನು ಎತ್ತಿ ಹೇಳಿದ್ದರು: ಹಿಂದೂಗಳು ವಲಸೆ ಹೋದರೆ ಜಾತಿ ಜಗತ್ತಿನ ಸಮಸ್ಯೆಯಾಗುತ್ತದೆ.

ಆ ಮಾತು ಕಾನೂನಿನ ಭಾಷೆಗೆ ಬರಲು ನೂರು ವರ್ಷ ಹಿಡಿಯಿತು. 2019ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ತಾರತಮ್ಯ ತಡೆಯುವ ನಿಯಮಕ್ಕೆ ಜಾತಿಯನ್ನು ಸೇರಿಸಿತು. 2022ರಲ್ಲಿ, ಆಗ 23 ಕ್ಯಾಂಪಸ್‌ಗಳಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ. ಹಿಂದೂಗಳನ್ನೇ ಬೊಟ್ಟು ಮಾಡಿ ತೋರಿಸಿದಂತಾಯಿತು ಎಂದು ಕೆಲವು ಪ್ರಾಧ್ಯಾಪಕರು, ಸಂಘಟನೆಗಳು ವಿರೋಧಿಸಿದವು. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸನಸಭೆ ಪಾಸು ಮಾಡಿದ ಜಾತಿ ತಾರತಮ್ಯ ತಡೆಯುವ ಮಸೂದೆಯನ್ನು ಗವರ್ನರ್ ನ್ಯೂಸಮ್ ಅಕ್ಟೋಬರಿನಲ್ಲಿ ಸಹಿ ಹಾಕದೆ ವಾಪಸು ಕಳಿಸಿದರು. ಈಗಿರುವ ಕಾನೂನೇ ಸಾಕು ಅಂದರು.

ಸಾಕೇ? ಸರ್‌ನೇಮ್ ಕೇಳುವುದು, 'ವೆಜ್ ಮಾತ್ರ' ಎಂದು ರೂಮ್‌ಮೇಟ್ ಹುಡುಕುವುದು ತಪ್ಪೇನಲ್ಲ ಅನ್ನಬಹುದು. ಅದರ ಹಿಂದಿನ ಪ್ರಶ್ನೆ ಯಾವುದೆಂದು ನಮ್ಮ ಕಡೆಯವರಿಗೆ ಗೊತ್ತು, ಅಮೆರಿಕದ ಡೀನ್‌ಗೆ ಗೊತ್ತಾಗುವುದಿಲ್ಲ. ದೂರು ಕೊಡಬೇಕಾದವನ ಎಫ್-1 ವೀಸಾ (ವಿದ್ಯಾರ್ಥಿ ವೀಸಾ) ನಿಂತಿರುವುದು ಓದಿನ ಮೇಲೆ. ಓದು ತಪ್ಪಿದರೆ ವೀಸಾವೂ ಇಲ್ಲ. ಬಾಡಿಗೆ ಮನೆ ಬಿಟ್ಟು ಬೇರೆ ರೂಮು ಹುಡುಕುವುದೇ ಅವನಿಗೆ ಸುಲಭ.