ಮಿಡಿಯುವ ಕೋಶದೊಳಗೊಂದು ಅಡಿಕೆ ತೋಟ

ತೀರ್ಥಹಳ್ಳಿಯಲ್ಲಿ ಒಮ್ಮೆ ಮೀನು ಕೊಯ್ಯಿಸುತ್ತಾ ನಿಂತಿದ್ದೆ. ಕರುಳಿನ ಜೊತೆ ಪಕ್ಕಕ್ಕೆ ಬಿದ್ದಿದ್ದ ಕಡುಗೆಂಪು ಚೂರೊಂದು ತನ್ನ ಪಾಡಿಗೆ ಮಿಡಿಯುತ್ತಲೇ ಇತ್ತು. ಮೀನು ಸತ್ತಿದೆ, ಹೃದಯಕ್ಕಿನ್ನೂ ಸುದ್ದಿ ಮುಟ್ಟಿಲ್ಲ!

ಹೃದಯವನ್ನು ಬಿಡಿಸುತ್ತಾ ಹೋಗಿ ಒಂದೇ ಒಂದು ಕೋಶ ಉಳಿದರೂ ಕುಗ್ಗುವ ಗುಣ ಹೋಗುವುದಿಲ್ಲ. ಮೊಲದ್ದೋ ಇಲಿಯದ್ದೋ ಹೃದಯದ ರಕ್ತನಾಳಗಳಲ್ಲಿ ಕೊಲಾಜಿನೇಸ್ ಎಂಬ ಕಿಣ್ವ ಹರಿಸಿದರೆ ಕೋಶಗಳನ್ನು ಹಿಡಿದಿಟ್ಟ ನಾರು ಕರಗುತ್ತದೆ. ಸಿಗುವ ಕೋಶ ಇಟ್ಟಿಗೆಯ ಹಾಗೆ ಉದ್ದುದ್ದ, ಸುಮಾರು 120 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ ಎಂಟು ಮಲಗಬಹುದು. ಸತ್ತದ್ದು ಉಂಡೆಯಾಗಿ ಮುದುಡಿರುತ್ತದೆ. ಬದುಕಿದ್ದಕ್ಕೆ ಸೆಕೆಂಡಿಗೊಮ್ಮೆ ಸಣ್ಣಗೆ ಕರೆಂಟ್ ಮುಟ್ಟಿಸಿದರೆ ಪ್ರತಿ ಸಲವೂ ಗಿಡ್ಡವಾಗಿ ಮತ್ತೆ ಉದ್ದವಾಗುತ್ತದೆ.

ಎಷ್ಟು ಗಿಡ್ಡ? ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂರಿಸಿ, ಸೆಕೆಂಡಿಗೆ 250 ಚಿತ್ರ ತೆಗೆದು, ಎರಡು ತುದಿಗಳು ಎಷ್ಟು ಹತ್ತಿರ ಬಂದವು ಅಂತ ನೋಡಬಹುದು. ಸುಲಭ. ಆದರೆ ಕೋಶ ಒಂಚೂರು ಹೊರಳಿದರೆ ಲೆಕ್ಕ ಕೆಟ್ಟಿತು. ನನಗೆ ಹಿಡಿಸಿದ್ದು ಇನ್ನೊಂದು ದಾರಿ.

ಕೋಶದ ಮೈತುಂಬ ಅಡ್ಡ ಪಟ್ಟೆಗಳಿವೆ, ಗುಡ್ಡದ ಮೇಲಿಂದ ಅಡಿಕೆ ತೋಟದ ಸಾಲು ಕಂಡ ಹಾಗೆ. ಪಟ್ಟೆಯಿಂದ ಪಟ್ಟೆಗೆ ಸುಮಾರು 1.8 ಮೈಕ್ರೋಮೀಟರ್. ಈ ಒಂದೊಂದು ಅಂಕಣಕ್ಕೂ ಸಾರ್ಕೋಮಿಯರ್ ಅಂತ ಹೆಸರು. ಕುಗ್ಗಿದಾಗ ಅದು 1.65ರ ಆಸುಪಾಸಿಗೆ ಬರುತ್ತದೆ. ವ್ಯತ್ಯಾಸ ಬರೀ 0.15. ಹಸಿರು ಬೆಳಕಿನ ಒಂದು ಅಲೆಯೇ ಸುಮಾರು 0.5 ಮೈಕ್ರೋಮೀಟರ್ ಉದ್ದ! ಅಲೆಗಿಂತ ಚಿಕ್ಕದನ್ನು ಬೆಳಕಿನಲ್ಲಿ ಅಳೆಯುವುದು ಹೇಗೆ?

ತೋಟದವರನ್ನು ಕೇಳಿ. ಮರಗಳ ನಡುವೆ 9 ಅಡಿ ಇದೆಯೇ ಅಂತ ಎರಡೇ ಮರಕ್ಕೆ ಹಗ್ಗ ಹಿಡಿದರೆ, ಬುಡದ ದಪ್ಪ, ಓರೆ ಎಲ್ಲ ಸೇರಿ ಅರ್ಧ ಅಡಿ ತಪ್ಪಬಹುದು. 20 ಸಂದುಗಳನ್ನು ಒಟ್ಟಿಗೆ ಅಳೆದು 20ರಿಂದ ಭಾಗಿಸಿ ನೋಡಿ. ಅದೇ ಅರ್ಧ ಅಡಿ ತಪ್ಪು ಸಂದಿಗೆ ಕಾಲು ಇಂಚಿನ ಹತ್ತಿರಕ್ಕೆ ಇಳಿಯುತ್ತದೆ. ಕಂಪ್ಯೂಟರ್ ಮಾಡುವುದೂ ಇದನ್ನೇ. ಹತ್ತಿಪ್ಪತ್ತು ಪಟ್ಟೆಗಳನ್ನು ಒಟ್ಟಿಗೆ ನೋಡಿ, ಕಪ್ಪು-ಬಿಳುಪು ಎಷ್ಟು ದೂರಕ್ಕೊಮ್ಮೆ ಮರಳಿ ಬರುತ್ತಿದೆ ಅಂತ ಲೆಕ್ಕ ಹಾಕುತ್ತದೆ.

ಆದರೆ ಇದು ಕುಗ್ಗಿದ ಅಳತೆ, ಬಲದ್ದಲ್ಲ. ಬರಿಗೈ ಮಡಚುವುದೇ ಬೇರೆ, ತುಂಬಿದ ಕೊಡ ಎತ್ತುವುದೇ ಬೇರೆ, ಅಲ್ವಾ?

ಕುಗ್ಗಲು ಕ್ಯಾಲ್ಸಿಯಂ ಬೇಕು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಇದನ್ನು 1883ರಲ್ಲೇ ಕಂಡುಕೊಂಡರು. ನಲ್ಲಿ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಮಿಡಿಯುತ್ತಿದ್ದ ಕಪ್ಪೆಯ ಹೃದಯ, ಬಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ಸೋತು ನಿಂತಿತ್ತು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು, ಅಷ್ಟೇ.

ನಮ್ಮ ಬೇಲಿಯ ಕಣಗಿಲೆಗೆ ದನ ಬಾಯಿ ಹಾಕಬಾರದು ಅಂತ ಅಜ್ಜಿ ಕಾಯುತ್ತಿದ್ದರು. ಅದರ ವಿಷ ಕೋಶದಿಂದ ಸೋಡಿಯಂ ಹೊರಹಾಕುವ ಪಂಪನ್ನು ಕಟ್ಟಿಹಾಕುತ್ತದೆ. ಸೋಡಿಯಂ ಒಳಗೇ ತುಂಬಿಕೊಂಡರೆ ಕ್ಯಾಲ್ಸಿಯಂ ಹೊರಹೋಗುವುದೂ ಕುಂದುತ್ತದೆ, ಅದರಿಂದಾಗಿ ಒಳಗೆ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ. ಇಲಿಯ ಕೋಶ ಇದಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ. ಮೊಲದ ಕೋಶ ಹಾಗಲ್ಲ. ವಿಷ ಸ್ವಲ್ಪವೇ ಇದ್ದರೆ ಪಟ್ಟೆಗಳು ಮೊದಲಿಗಿಂತ ಹತ್ತಿರ ಬರುತ್ತವೆ. ಹೆಚ್ಚಾದರೆ ಕರೆಂಟ್ ಮುಟ್ಟಿಸದೆಯೇ ಕೋಶ ಅಲ್ಲಲ್ಲಿ ಅದುರುತ್ತದೆ, ಸಾಲು ಕಲಸಿಹೋಗುತ್ತದೆ. ಕಡೆಗೆ ಅದೂ ಒಂದು ಉಂಡೆ.