ಪ್ಲಸ್ಸೋ ಮೈನಸ್ಸೋ: ವಿದ್ಯುತ್ಕೋಶದ ಹಳೇ ಗೋಜಲು

ಟಾರ್ಚಿನ ಸೆಲ್‌ಗೆ ಒಂದು ತುದಿ ಪ್ಲಸ್, ಇನ್ನೊಂದು ಮೈನಸ್. ಇದರಲ್ಲಿ ಗೊಂದಲವೇನೂ ಇಲ್ಲ. ಪುಸ್ತಕ ತೆರೆದಾಗ ಶುರುವಾಗುತ್ತದೆ. ಸೆಲ್ ಕರೆಂಟು ಕೊಡುವಾಗ ಆನೋಡ್ ಎಂಬ ತುದಿ ಮೈನಸ್ಸಂತೆ. ಕರೆಂಟು ಹರಿಸಿ ನೀರನ್ನು ಒಡೆಯುವಾಗ ಅದೇ ಆನೋಡ್ ಪ್ಲಸ್ಸಂತೆ. ಎಲೆಕ್ಟ್ರಾನ್ ಒಂದು ಕಡೆಗೆ ಓಡಿದರೆ ಕರೆಂಟಿನ ಬಾಣ ಇನ್ನೊಂದು ಕಡೆಗೆ. ಬಾಯಿಪಾಠ ಮಾಡಿ ಪರೀಕ್ಷೆ ದಾಟುವವರೇ ಜಾಸ್ತಿ.

ಒಳಗೆ ನಡೆಯುವುದು ಅಷ್ಟೇನೂ ಕಷ್ಟದ್ದಲ್ಲ. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಲ್ಲಿ ಸತುವಿನ ತುಂಡು ಹಾಕಿ. ಅದರ ಮೇಲೆ ತಾಮ್ರ ಕೂರುತ್ತದೆ, ನೀಲಿ ತೆಳುವಾಗುತ್ತದೆ, ನೀರು ತುಸು ಬಿಸಿಯಾಗುತ್ತದೆ. ಸತು ಎಲೆಕ್ಟ್ರಾನ್ ಬಿಟ್ಟುಕೊಟ್ಟಿತು, ಇದು ಉತ್ಕರ್ಷಣ. ನೀರಿನಲ್ಲಿದ್ದ ತಾಮ್ರದ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಕಣ, ಅದನ್ನು ಪಡೆದುಕೊಂಡಿತು, ಇದು ಅಪಕರ್ಷಣ. ಎರಡೂ ಸೇರಿದರೆ ರೆಡಾಕ್ಸ್. ಕೊಡುಕೊಳ್ಳುವಿಕೆ ನಿಂತಲ್ಲೇ ಮುಗಿದಿದ್ದರಿಂದ ಶಕ್ತಿಯೆಲ್ಲ ಬಿಸಿಯಾಗಿ ಹೋಯಿತು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ನಡುವೆ ಒಂದು ತಂತಿ ಮಾತ್ರ ಕೊಟ್ಟರೆ? ಎಲೆಕ್ಟ್ರಾನ್ ಆ ತಂತಿಯಲ್ಲೇ ಬರಬೇಕು. ಅದೇ ಕರೆಂಟು. ದ್ರಾವಣದೊಳಗೆ ಅಯಾನುಗಳೂ ಅತ್ತಿತ್ತ ಸರಿಯಬೇಕು, ಇಲ್ಲದಿದ್ದರೆ ವಿದ್ಯುದಾವೇಶ ಗುಡ್ಡೆಯಾಗಿ ಎಲ್ಲವೂ ನಿಂತುಬಿಡುತ್ತದೆ.

ಇಷ್ಟು ತಿಳಿಯಲು ನೂರು ವರ್ಷ ಬೇಕಾಯಿತು. 1791ರಲ್ಲಿ ಇಟಲಿಯ ಗಾಲ್ವಾನಿ, ಲೋಹ ತಾಗಿದಾಗ ಸೆಟೆಯುವ ಕಪ್ಪೆಯ ಕಾಲಿನಲ್ಲೇ ವಿದ್ಯುತ್ ಇದೆ ಎಂದರು. 1800ರಲ್ಲಿ ವೋಲ್ಟಾ ಸತು ಮತ್ತು ಇನ್ನೊಂದು ಲೋಹದ ಬಿಲ್ಲೆಗಳನ್ನೂ ಉಪ್ಪುನೀರಲ್ಲಿ ನೆನೆಸಿದ ರಟ್ಟನ್ನೂ ಒಂದರ ಮೇಲೊಂದು ಪೇರಿಸಿ, ಕಪ್ಪೆ ಬೇಡವೇ ಬೇಡ ಎಂದು ತೋರಿಸಿದರು. ಆದರೆ ಎರಡು ಲೋಹ ತಾಗಿದ್ದೇ ಸಾಕು ಎಂಬುದು ಅವರ ನಂಬಿಕೆ. ಸತು ಸವೆಯುತ್ತಿದ್ದದ್ದು ಲೆಕ್ಕಕ್ಕೇ ಬರಲಿಲ್ಲ. ತಾಗುವುದರಿಂದಲೋ, ರಾಸಾಯನಿಕ ಕ್ರಿಯೆಯಿಂದಲೋ ಎಂಬ ಜಗಳ ದಶಕಗಟ್ಟಲೆ ನಡೆಯಿತು. 1836ರಲ್ಲಿ ಡೇನಿಯಲ್ ಸತು ಮತ್ತು ತಾಮ್ರಕ್ಕೆ ಬೇರೆ ಬೇರೆ ದ್ರಾವಣ ಕೊಟ್ಟು, ಸುಮಾರು 1.1 ವೋಲ್ಟ್ ನಿಂತು ಬರುವ ಕೋಶ ಮಾಡಿದರು. ನಡುವೆ ತಡೆಯಾಗಿ ಮೊದಲು ಬಳಸಿದ್ದು ಎತ್ತಿನ ಅನ್ನನಾಳ!

ನಮ್ಮ ಗಂಟು ಬಿದ್ದದ್ದು ಇದಕ್ಕಿಂತ ಎರಡು ವರ್ಷ ಮೊದಲು. 1834ರಲ್ಲಿ ಮೈಕೆಲ್ ಫ್ಯಾರಡೆಗೆ ಕರೆಂಟು ದ್ರಾವಣದೊಳಗೆ ಹೋಗಿ ಬರುವ ತುದಿಗಳಿಗೆ ಹೊಸ ಹೆಸರುಗಳು ಬೇಕಾಗಿದ್ದವು. ಕರೆಂಟು ಎಂದರೇನು ಎಂದು ಯಾರಿಗೂ ಖಚಿತವಿರಲಿಲ್ಲ. ನಾಳೆ ಸಿದ್ಧಾಂತ ಬದಲಾದರೂ ಹೆಸರು ಉಳಿಯಬೇಕು ಎಂಬುದು ಅವರ ಆಸೆ. ವಿದ್ವಾಂಸ ವಿಲಿಯಂ ಹ್ಯೂವೆಲ್ ಗ್ರೀಕಿನಿಂದ ಪದಗಳನ್ನು ಹೆಕ್ಕಿಕೊಟ್ಟರು. ಮಾದರಿಯಾದದ್ದು ಸೂರ್ಯನ ದಾರಿ. ಆನೋಡ್ ಎಂದರೆ ಏರುವ ದಾರಿ, ಮೂಡಣ. ಕ್ಯಾಥೋಡ್ ಎಂದರೆ ಇಳಿಯುವ ದಾರಿ, ಪಡುವಣ. ಕರೆಂಟು ದ್ರಾವಣದೊಳಗೆ ಹೊಕ್ಕುವ ಕಡೆ ಆನೋಡ್, ಹೊರಬರುವ ಕಡೆ ಕ್ಯಾಥೋಡ್. ಪ್ಲಸ್ಸು ಮೈನಸ್ಸಿನ ಮಾತೇ ಇಲ್ಲ, ನೋಡಿ. ಡೇನಿಯಲ್ ಕೋಶದಲ್ಲಿ (ಎಲೆಕ್ಟ್ರಾನಿನ ದಾರಿಯಲ್ಲ, ಕರೆಂಟಿನ ಬಾಣ ಹಿಡಿದು ನೋಡಿದರೆ) ಕರೆಂಟು ದ್ರಾವಣಕ್ಕೆ ಇಳಿಯುವುದು ಸತುವಿನಿಂದ, ಅಂದರೆ ಮೈನಸ್ ತುದಿಯಿಂದ. ನೀರು ಒಡೆಯುವಾಗ ಬ್ಯಾಟರಿಯ ಪ್ಲಸ್‌ಗೆ ಸೇರಿಸಿದ ತಗಡಿನಿಂದ. ಎರಡೂ ಕಡೆ ಆನೋಡಿನಲ್ಲಿ ನಡೆಯುವುದು ಉತ್ಕರ್ಷಣವೇ. ಪಾಠ ಇಲ್ಲಿಂದ ಶುರುವಾದರೆ ಬಾಯಿಪಾಠದ ಸೂತ್ರಗಳು ಯಾಕೆ ಬೇಕು, ಅಲ್ವಾ?

ಬಾಣದ ಕಥೆ ಇನ್ನೂ ಹಳೆಯದು. 18ನೇ ಶತಮಾನದಲ್ಲೇ ಪ್ಲಸ್, ಮೈನಸ್ ಗುರುತು ಬಿದ್ದಿತ್ತು; ಬಾಣ ಪ್ಲಸ್‌ನಿಂದ ಮೈನಸ್‌ಗೆ ಎಂದಾಗಿತ್ತು. ಮೈನಸ್‌ನಿಂದ ಪ್ಲಸ್‌ಗೆ ಓಡುವ ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಬಾಣ ತಿರುಗಿಸಲು ತಡವಾಗಿತ್ತು.

ಆಮೇಲೆ ಇನ್ನೊಂದು ತಲೆನೋವು. ಸತುವಿನ ವಿಭವಕ್ಕೆ, ಅಂದರೆ ಎಲೆಕ್ಟ್ರಾನ್ ಕೊಡುಕೊಳ್ಳುವ ಒಲವಿನ ಅಳತೆಗೆ, ಅಮೆರಿಕದ ಪುಸ್ತಕಗಳು ಪ್ಲಸ್ 0.76 ವೋಲ್ಟ್ ಎಂದರೆ, ಯುರೋಪಿನಲ್ಲಿ ಮೈನಸ್ 0.76. 1953ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ರಸಾಯನಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಮೈನಸ್ಸನ್ನೇ ಒಪ್ಪಿತು. ಹಳೇ ಪುಸ್ತಕಗಳು ಮಾತ್ರ ಕಪಾಟಿನಲ್ಲೇ ಉಳಿದವು.

ಈಗ ಮೊಬೈಲಿನ ಸರದಿ. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ಕ್ರಿಯೆ ಹಿಂದುಮುಂದಾಗುತ್ತದೆ. ಆಗ ಉತ್ಕರ್ಷಣ ನಡೆಯುವುದು ಪ್ಲಸ್ ಕಡೆ. ಫ್ಯಾರಡೆಯ ಲೆಕ್ಕದಲ್ಲಿ ಅದೇ ಆನೋಡ್ ಆಗಬೇಕಿತ್ತು. ಬ್ಯಾಟರಿ ಮಾಡುವವರು ಮಾತ್ರ ಚಾರ್ಜ್ ಆಗಲಿ, ಖರ್ಚಾಗಲಿ, ಗ್ರಾಫೈಟ್ ಇರುವ ಮೈನಸ್ ಕಡೆಯನ್ನೇ ಆನೋಡ್ ಎನ್ನುತ್ತಾರೆ.